ಗೆದ್ದವರು ಯಾರು, ಗೆದ್ದೆವೆಂದವರು ಯಾರು?



ಸಿರುಗುಪ್ಪದ ಬದಿಯಲ್ಲಿರುವ ದೇಶನೂರನ್ನು ನಿಮ್ಮಲ್ಲಿ ಬಹುಮಂದಿ ನೋಡಿರಲಾರಿರಿ. ತುಂಗಭದ್ರೆಯ ನೀರು, ಭತ್ತದ ಗದ್ದೆ, ಕಬ್ಬು, ಸಕ್ಕರೆ ಕಾರ್ಖಾನೆ ಎಂದರೆ ಆ ಸೀಮೆಯ ಚಿತ್ರ ಒಂದಿಷ್ಟು ಕಣ್ಣಮುಂದೆ ಬಂದೀತು. ಅಂಥ ಊರುಗಳಲ್ಲಿ ಪಂಚಾಯಿತಿ ಚುನಾವಣೆ ನಡೆಯುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಮತ ಎಣಿಕೆಯಾಗುತ್ತದೆ. ಗೆದ್ದವರ ಕೊರಳಿಗೆ ಹಾರ ಬೀಳುತ್ತದೆ, ಗುಲಾಲು ಹಾರುತ್ತದೆ, ಹಲಗೆ ಬಾರಿಸುತ್ತಾ ಜನ ಟ್ರ್ಯಾಕ್ಟರಿನಲ್ಲಿ ಊರಿಗೆ ಮರಳುತ್ತಾರೆ. ಮರುದಿನ ಬೆಳಿಗ್ಗೆ ಚಹದಂಗಡಿಗೆ ಪತ್ರಿಕೆ ಬರುತ್ತದೆ. ಅದರ ಮೊದಲ ಪುಟದಲ್ಲಿ ಏನಿರುತ್ತದೆ? ಹಾರ ಹಾಕಿಸಿಕೊಂಡವರ ಹೆಸರಲ್ಲ. ಬೆಂಗಳೂರಿನಲ್ಲಿರುವ ನಾಯಕರೊಬ್ಬರ ಭಾವಚಿತ್ರ. ಅದರ ಮೇಲೆ, ಅವರಿಗೆ ಜನಬೆಂಬಲ ಹೆಚ್ಚಿತು ಎಂದೋ, ಅವರಿಗೆ ಮುಖಭಂಗವಾಯಿತು ಎಂದೋ ದಪ್ಪಕ್ಷರದ ತಲೆಬರಹ.

ಹಳ್ಳಿಯ ಒಂದು ಕೇರಿಯಲ್ಲಿ ಬಿದ್ದ ಮತ ರಾಜಧಾನಿಯ ನಾಯಕರೊಬ್ಬರ ಬಲಾಬಲದ ಲೆಕ್ಕವಾಗಿ ಬದಲಾಗುವುದು ಹೇಗೆ, ಆ ಬದಲಾವಣೆಯಲ್ಲಿ ಎಷ್ಟು ನಿಜ ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂಬುದನ್ನು ಈ ದಿನ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಮತದಾನದ ಹಕ್ಕು ಬಂದಿರಬಹುದು. ಉಳಿದವರಿಗೆ ಒಂದೆರಡು ವರ್ಷಗಳಲ್ಲಿ ಬರುತ್ತದೆ.

ಪತ್ರಿಕೆಗಳನ್ನು ಟೀಕಿಸುವ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ 1993ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಅದರ ಅಡಿಯಲ್ಲಿ ಮೊದಲ ಗ್ರಾಮ ಪಂಚಾಯಿತಿ ಚುನಾವಣೆ ಅದೇ ವರ್ಷದ ಕೊನೆಯಲ್ಲಿ ನಡೆಯಿತು. ಆಗ ನಾನು ಆ ಭಾಗದಲ್ಲಿ ಒಂದು ಪತ್ರಿಕೆಗೆ ಬಿಡಿ ಸುದ್ದಿ ಬರೆಯುತ್ತಿದ್ದೆ. ಸುದ್ದಿಯನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಬಳ್ಳಾರಿಗೆ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಕೊಡುವ ಕಾಲ ಅದು. ಕೊನೆಯ ಬಸ್ಸು ತಪ್ಪಿದರೆ ಸುದ್ದಿಯೂ ತಪ್ಪಿದಂತೆ. ಎಣಿಕೆ ಮುಗಿದ ಸಂಜೆ ಎರಡು ಪಕ್ಷದ ಮುಖಂಡರು ಒಬ್ಬರಾದ ಮೇಲೊಬ್ಬರು ಬಂದು ತಂತಮ್ಮ ಬೆಂಬಲಿಗರು ಗೆದ್ದ ಪಟ್ಟಿಯನ್ನು ನನ್ನ ಕೈಗಿಟ್ಟರು. ಒಂದೇ ಪಂಚಾಯಿತಿಯ ಎರಡು ಪಟ್ಟಿ. ಎರಡನ್ನೂ ಕೂಡಿಸಿದರೆ ಒಟ್ಟು ಸ್ಥಾನಗಳಿಗಿಂತ ನಾಲ್ಕು ಹೆಚ್ಚಾಗುತ್ತಿತ್ತು! ನಾಲ್ಕು ಹೆಸರುಗಳು ಎರಡೂ ಕಡೆ ಇದ್ದವು. ಕೇಳಿ ತಿಳಿಯಲು ಹೊತ್ತಿರಲಿಲ್ಲ, ಬಸ್ಸು ಹೊರಟು ನಿಂತಿತ್ತು. ಮೊದಲು ಕೈಗೆ ಬಂದ ಪಟ್ಟಿಯನ್ನೇ ನಂಬಿ ಬರೆದು ಕಳಿಸಿದೆ.

ಆ ನಾಲ್ವರಲ್ಲಿ ಒಬ್ಬರು ಮಹಿಳೆ. ಮೀಸಲು ಸ್ಥಾನದಿಂದ ಗೆದ್ದವರು. ಕೆಲವು ವಾರಗಳ ನಂತರ ಅವರ ಊರಿಗೆ ಹೋಗಿದ್ದಾಗ, "ಅಮ್ಮಾ, ನೀವು ನಿಜವಾಗಿ ಯಾವ ಪಕ್ಷ?" ಎಂದು ಕೇಳಿದೆ.

"ಪಾರ್ಟಿ ಗೀರ್ಟಿ ನಾನೇನು ಬಲ್ಲೆ ತಮ್ಮಾ. ನಮ್ಮ ಕೇರಿ ಬೋರಿಂಗು ಕೆಟ್ಟು ಎರಡು ವರ್ಷ ಆತು. ರಿಪೇರಿ ಮಾಡಸ್ತೀನಿ ಅಂದೆ, ಮಂದಿ ವೋಟು ಹಾಕಿದ್ರು. ನೀನು ಪೇಪರಿನಾಗ ಬರದಿ ನೋಡು, ಅವತ್ತಿನಿಂದ ನಾನು ಆ ಪಾರ್ಟಿಯಾಕಿ ಆದೆ" ಎಂದರು.

ಮಾತಿನಲ್ಲಿ ಸಿಟ್ಟಿರಲಿಲ್ಲ. ಆದರೆ ನಡೆದದ್ದು ಇಷ್ಟು: ಅಧ್ಯಕ್ಷರ ಆಯ್ಕೆಯಲ್ಲಿ ಇನ್ನೊಂದು ಗುಂಪು ಮೇಲುಗೈ ಪಡೆಯಿತು. ಆ ಗುಂಪಿನವರು ಈ ಸದಸ್ಯೆ ನಮ್ಮವರಲ್ಲ, ಪತ್ರಿಕೆಯಲ್ಲೇ ಬಂದಿದೆಯಲ್ಲ ಎಂದು ಅವರ ಕೇರಿಯ ಕೆಲಸವನ್ನು ಹಿಂದಕ್ಕೆ ಸರಿಸಿದರು. ಬಸ್ಸಿನ ಅವಸರದಲ್ಲಿ ನಾನು ಬರೆದ ಅರ್ಧ ಸಾಲು ಒಂದು ಕೇರಿಯ ಕುಡಿಯುವ ನೀರಿನ ಮೇಲೆ ಬಂದು ಕೂತಿತ್ತು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಬೇಕಾಗುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಾತೀತವಾದದ್ದು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಆಯ್ಕೆಯಾಗುತ್ತಾರೆ. ಅಭ್ಯರ್ಥಿಗೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ಹೊಲಿಗೆ ಯಂತ್ರ, ಆಟೋರಿಕ್ಷಾ ಮುಂತಾದ ಮುಕ್ತ ಚಿಹ್ನೆಗಳಲ್ಲಿ ಒಂದು ಸಿಗುತ್ತದೆ. ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳಲ್ಲಿ ಮಾತ್ರ ಪಕ್ಷದ ಚಿಹ್ನೆಯ ಮೇಲೆ ಸ್ಪರ್ಧೆ ನಡೆಯುತ್ತದೆ. ಇವೆಲ್ಲವನ್ನೂ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳನ್ನು ನಡೆಸುವ ಭಾರತ ಚುನಾವಣಾ ಆಯೋಗ ಬೇರೆ.

ಹೀಗಿರುವಾಗ ಗ್ರಾಮ ಪಂಚಾಯಿತಿಯಲ್ಲಿ ಯಾವ ಪಕ್ಷ ಎಷ್ಟು ಗೆದ್ದಿತು ಎಂಬುದಕ್ಕೆ ಸರಕಾರಿ ದಾಖಲೆಯೇ ಇರುವುದಿಲ್ಲ. ಇರುವುದು ಪಕ್ಷಗಳ ಹೇಳಿಕೆ ಮಾತ್ರ. 2020ರ ಡಿಸೆಂಬರಿನಲ್ಲಿ 22 ಮತ್ತು 27ರಂದು ಎರಡು ಹಂತಗಳಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಪಂಚಾಯಿತಿಗಳಿಗೆ ಮತದಾನವಾಯಿತು. ಕೊರೋನಾ ಭೀತಿಯ ನಡುವೆಯೂ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಮತ ಹಾಕಿದರು. ಬೀದರ್ ಜಿಲ್ಲೆ ಬಿಟ್ಟು ಉಳಿದ ಕಡೆ ಮತಪತ್ರಗಳೇ ಇದ್ದುದರಿಂದ 30ರಂದು ಎಣಿಕೆ ಬಹಳ ಹೊತ್ತಿನವರೆಗೆ ನಡೆಯಿತು. ಎಣಿಕೆ ಮುಗಿಯುವ ಮೊದಲೇ ಪಕ್ಷಗಳೆಲ್ಲ ತಂತಮ್ಮ ಬೆಂಬಲಿತರ ಲೆಕ್ಕವನ್ನು ಮುಂದಿಟ್ಟವು. ದೂರದರ್ಶಕದ ಪರದೆಯ ಮೇಲೆ ಮುನ್ನಡೆ, ಹಿನ್ನಡೆ ಎಂಬ ಅಂಕಿಗಳು ಓಡತೊಡಗಿದವು. ಕೆಲವು ನೂರು ಮತಪತ್ರಗಳಿರುವ ಒಂದು ವಾರ್ಡಿನಲ್ಲಿ ಮುನ್ನಡೆ ಎಂದರೇನು? ಎಣಿಸುವವರು ಕಟ್ಟು ಬಿಚ್ಚಿ ಕಟ್ಟುವುದರೊಳಗೆ ಫಲಿತಾಂಶವೇ ಬಂದಿರುತ್ತದೆ. ಇನ್ನು ಇಬ್ಬರಿಗೆ ಸಮಮತ ಬಂದರೆ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಗೆದ್ದವರನ್ನೂ ಸಂಜೆಯ ಲೆಕ್ಕದಲ್ಲಿ ಯಾವುದೋ ನಾಯಕರ ಅಲೆಗೆ ಸೇರಿಸಿಬಿಟ್ಟಿರುತ್ತಾರೆ!

ಹಾಗಾದರೆ ಪಕ್ಷದ ಚಿಹ್ನೆ ಇದ್ದರೆ ಈ ತೊಂದರೆ ಇಲ್ಲವೇ, ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಬಳ್ಳಾರಿ ನಗರಕ್ಕೆ ಹೋಗೋಣ.

ಬಳ್ಳಾರಿ ಮಹಾನಗರ ಪಾಲಿಕೆಯ 39 ವಾರ್ಡುಗಳಿಗೆ 2021ರ ಏಪ್ರಿಲ್ 27ರಂದು ಮತದಾನ ನಡೆಯಿತು. ತಾರೀಖನ್ನು ಗಮನಿಸಿ. ಕೊರೋನಾದ ಎರಡನೆಯ ಅಲೆ ಏರುತ್ತಿದ್ದ ದಿನಗಳು ಅವು. ಅದೇ ರಾತ್ರಿಯಿಂದ ರಾಜ್ಯದಲ್ಲಿ ಎಲ್ಲವನ್ನೂ ಮುಚ್ಚುವ ಆದೇಶ ಜಾರಿಗೆ ಬಂದಿತು. 30ರಂದು ಫಲಿತಾಂಶ ಬಂತು: ಕಾಂಗ್ರೆಸ್ 21, ಭಾರತೀಯ ಜನತಾ ಪಕ್ಷ 13, ಪಕ್ಷೇತರರು 5. ಅಂದು ರಾಜ್ಯದಲ್ಲಿ ಒಟ್ಟು ಹತ್ತು ನಗರ ಸ್ಥಳೀಯ ಸಂಸ್ಥೆಗಳ ಫಲಿತಾಂಶ ಹೊರಬಿದ್ದಿತ್ತು. ಹತ್ತರಲ್ಲಿ ಏಳು ಕಾಂಗ್ರೆಸ್ಸಿಗೆ, ಬಿಜೆಪಿಗೆ ಒಂದೇ ಒಂದು ಎಂದು ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ಸಂತೋಷ ವ್ಯಕ್ತಪಡಿಸಿದರು. ಬಿ.ಎಸ್. ಯಡಿಯೂರಪ್ಪನವರು ಆಗ ಮುಖ್ಯಮಂತ್ರಿ. ಆದ್ದರಿಂದ ಫಲಿತಾಂಶವನ್ನು ಒಬ್ಬ ನಾಯಕರ ಏಳಿಗೆ, ಇನ್ನೊಬ್ಬ ನಾಯಕರ ಹಿನ್ನಡೆ ಎಂದು ಬರೆಯುವುದು ಬಹಳ ಸುಲಭವಾಗಿತ್ತು.

ಅದು ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಚಿಹ್ನೆಯ ಮೇಲೆ ನಿಂತವರಿಗೆ ಬಿದ್ದ ಮತದಲ್ಲಿ ಪಕ್ಷದ ಪಾಲು ಇದ್ದೇ ಇರುತ್ತದೆ. ಆದರೆ ಬಳ್ಳಾರಿಯ ಓಣಿಗಳಲ್ಲಿ ಅಂದು ಜನ ಉತ್ತರಿಸಿದ ಪ್ರಶ್ನೆ ಏನು? ಬೇಸಿಗೆಯಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಚರಂಡಿ ಹೂಳು ಯಾರು ತೆಗೆಸಿದರು, ಕಷ್ಟಕ್ಕೆ ಕರೆದರೆ ಈ ಮನುಷ್ಯ ಬರುತ್ತಾನೆಯೇ, ನಮ್ಮ ಜಾತಿಯವನೇ, ಪರಿಚಿತನೇ, ಹಿಂದಿನ ಸಲ ಗೆದ್ದು ಏನು ಮಾಡಿದ. ಒಂದು ವಾರ್ಡಿನ ಪ್ರಶ್ನೆ ಪಕ್ಕದ ವಾರ್ಡಿನದಲ್ಲ. 39 ವಾರ್ಡಿನ ಜನ 39 ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನು ಒಂದೇ ಪ್ರಶ್ನೆಯ ಉತ್ತರವೆಂದು ಓದಿದರೆ, ಆ ಪ್ರಶ್ನೆ ಕೇಳಿದವರು ಜನರಲ್ಲ, ಪತ್ರಿಕೆಯವರು ಎಂದಾಗುತ್ತದೆ. ಪಕ್ಷೇತರರಾಗಿ ಗೆದ್ದ ಐವರನ್ನು ನೋಡಿ. ಯಾವ ನಾಯಕರ ಭಾವಚಿತ್ರವೂ ಇಲ್ಲದೆ ಗೆದ್ದವರು. ಅಂಥವರ ಸುದ್ದಿ ಬರುವುದು ಅವರು ಯಾವುದಾದರೂ ಪಕ್ಷದ ಬಾಗಿಲಿಗೆ ಹೋದಾಗ ಮಾತ್ರ.

ಇನ್ನೊಂದು ವಿಷಯ. 21 ಬಂದರೆ ಬಹುಮತ ಬಂತು, ಮೇಯರ್ ಆಯ್ಕೆಯಾಯಿತು ಎಂದು ಓದುಗ ಭಾವಿಸುತ್ತಾನೆ. ಮೇಯರ್ ಆಯ್ಕೆಯಲ್ಲಿ ವಾರ್ಡಿನ ಸದಸ್ಯರಲ್ಲದೆ ಆ ಪ್ರದೇಶದ ಶಾಸಕರಿಗೂ ಸಂಸದರಿಗೂ ಮತವಿರುತ್ತದೆ. ಫಲಿತಾಂಶದ ದಿನದ ಲೆಕ್ಕದಲ್ಲಿ ಇದನ್ನು ಹೇಳುವವರು ಕಡಿಮೆ. ಅದಕ್ಕಿಂತ ಮುಖ್ಯವಾದದ್ದು, ಬಳ್ಳಾರಿಯಲ್ಲಿ ಮೇಯರ್ ಆಯ್ಕೆಯಾದದ್ದು 2022ರ ಮಾರ್ಚ್ ತಿಂಗಳಲ್ಲಿ. ಹತ್ತಿರ ಹತ್ತಿರ ಒಂದು ವರ್ಷ, ಗೆದ್ದವರು ಗೆದ್ದೂ ಪಾಲಿಕೆಗೆ ಮೇಯರ್ ಇರಲಿಲ್ಲ. ಏಪ್ರಿಲ್ 30ರಂದು ಯಾವ ನಾಯಕರಿಗೆ ಜನ ಬೆಂಬಲ ಕೊಟ್ಟರು ಎಂದು ಒಂದೇ ದಿನದಲ್ಲಿ ತೀರ್ಮಾನವಾಯಿತು; ಜನ ಕೊಟ್ಟ ಮತ ಕೆಲಸಕ್ಕೆ ಬರಲು ಮಾತ್ರ ಹನ್ನೊಂದು ತಿಂಗಳು ಹಿಡಿಯಿತು. ಎರಡರಲ್ಲಿ ದೊಡ್ಡ ಸುದ್ದಿ ಯಾವುದು, ನೀವೇ ಹೇಳಿ. ಮುಂದೆ 2023ರ ಮಾರ್ಚಿನಲ್ಲಿ 23 ವರ್ಷದ ಡಿ. ತ್ರಿವೇಣಿ ಅದೇ ಪಾಲಿಕೆಯ ಮೇಯರ್ ಆದಾಗ ಕ್ಯಾಮೆರಾಗಳು ಬಳ್ಳಾರಿಗೆ ಮತ್ತೆ ಬಂದವು. ಅದು ಬರಬೇಕಾದ ಸುದ್ದಿಯೇ. ನಿಮ್ಮ ವಯಸ್ಸಿಗೆ ಅಷ್ಟು ಹತ್ತಿರದವರು ಒಂದು ನಗರದ ಮೊದಲ ಪ್ರಜೆಯಾದರೆಂದರೆ ನನಗೂ ಹೆಮ್ಮೆಯೇ. ಸುಮ್ಮನೆ ಕಳೆದುಹೋದ ಆ ಹನ್ನೊಂದು ತಿಂಗಳಿಗೆ ಮಾತ್ರ ಅಷ್ಟು ಕ್ಯಾಮೆರಾಗಳು ಬಂದಿರಲಿಲ್ಲ.

ಈಗ ಸ್ವಲ್ಪ ಅಂಕಗಣಿತ. ಬೇಸರ ಪಡಬೇಡಿ, ಕೂಡುವುದು ಕಳೆಯುವುದು ಬಂದರೆ ಸಾಕು.

2021ರ ಡಿಸೆಂಬರ್ 30ರಂದು ರಾಜ್ಯದ 58 ನಗರ ಸ್ಥಳೀಯ ಸಂಸ್ಥೆಗಳ 1,184 ವಾರ್ಡುಗಳ ಫಲಿತಾಂಶ ಬಂತು. ಕಾಂಗ್ರೆಸ್ 498, ಬಿಜೆಪಿ 437, ಜಾತ್ಯತೀತ ಜನತಾದಳ 45, ಪಕ್ಷೇತರರು ಮತ್ತು ಇತರರು 204. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿ ಐದು ತಿಂಗಳಾಗಿತ್ತು. ಅವರ ಶಿಗ್ಗಾವಿ ಕ್ಷೇತ್ರದೊಳಗಿನ ಬಂಕಾಪುರ ಪುರಸಭೆ ಕಾಂಗ್ರೆಸ್ಸಿಗೆ ಹೋಯಿತು. ಮುಖ್ಯಮಂತ್ರಿಗೆ ತವರಿನಲ್ಲೇ ಆಘಾತ ಎಂಬ ತಲೆಬರಹ ಬರೆಯಲು ಇನ್ನೇನು ಬೇಕು?

ಆದರೆ ಇದೇ ಅಂಕಿಗಳನ್ನು ಬೇರೆ ಬಗೆಯಲ್ಲೂ ಓದಬಹುದು. 1,184ರಲ್ಲಿ 498 ಎಂದರೆ ಅರ್ಧಕ್ಕಿಂತ 94 ಕಡಿಮೆ. ಹೆಚ್ಚು ಗೆದ್ದ ಪಕ್ಷಕ್ಕೂ ಅರ್ಧ ವಾರ್ಡುಗಳು ಬಂದಿಲ್ಲ. ಎರಡು ದೊಡ್ಡ ಪಕ್ಷಗಳ ನಡುವಿನ ಅಂತರ 61 ವಾರ್ಡುಗಳು, ಸಂಸ್ಥೆಗೊಂದರಂತೆ ಹಂಚಿದರೆ ಒಂದು ಚಿಲ್ಲರೆ. ಒಂದು ಕಡೆಯವರು ನಾವೇ ಮೊದಲಿಗರು ಎಂದರೆ ಅದು ಸುಳ್ಳಲ್ಲ. ಇನ್ನೊಂದು ಕಡೆಯವರು ಜನ ನಮ್ಮನ್ನು ಕೈಬಿಟ್ಟಿಲ್ಲ ಎಂದರೆ ಅದೂ ಸುಳ್ಳಲ್ಲ. ಇನ್ನು ಆ 204 ಮಂದಿ? ಸುಮಾರು ಆರು ವಾರ್ಡಿಗೆ ಒಬ್ಬರಂತೆ ಗೆದ್ದವರು ಇವರು. ಹೊಸಪೇಟೆ ನಗರಸಭೆಯ 35 ವಾರ್ಡುಗಳಲ್ಲಿ ಕಾಂಗ್ರೆಸ್ 12, ಬಿಜೆಪಿ 10, ಆಮ್ ಆದ್ಮಿ ಪಕ್ಷ 1, ಪಕ್ಷೇತರರು 12. ಅಲ್ಲಿ ಯಾವ ನಾಯಕರ ಅಲೆ ಎದ್ದಿತ್ತು ಎಂದು ಹೇಳುತ್ತೀರಿ? ನನ್ನನ್ನು ಕೇಳಿದರೆ, ಹೊಸಪೇಟೆಯ ಜನ ಅಂದು ಅಲೆಯ ವಿಷಯವನ್ನೇ ಮಾತನಾಡಿರಲಿಲ್ಲ.

ಗೆಲುವು ಎಂಬ ಮಾತಿಗೆ ಯಾವುದಕ್ಕೆ ಹೋಲಿಸಿ ಎಂಬ ಪ್ರಶ್ನೆ ಯಾವಾಗಲೂ ಅಂಟಿಕೊಂಡಿರುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿ ಪಾಲಿಕೆಯ 58 ಸ್ಥಾನಗಳಲ್ಲಿ ಬಿಜೆಪಿ 35 ಗೆದ್ದಾಗ ಅದನ್ನು ಐತಿಹಾಸಿಕ ಎಂದು ಬಣ್ಣಿಸಿದರು. ನಿಜಕ್ಕೂ ಅದು ದೊಡ್ಡ ಗೆಲುವು. ಆದರೆ ಅಲ್ಲಿ ಅದುವರೆಗೆ ಚುನಾವಣೆ ನಡೆಯುತ್ತಿದ್ದುದು ಭಾಷೆಯ ಆಧಾರದ ಗುಂಪುಗಳ ನಡುವೆ. ರಾಷ್ಟ್ರೀಯ ಪಕ್ಷಗಳು ಚಿಹ್ನೆಯ ಮೇಲೆ ನೇರವಾಗಿ ಇಳಿದದ್ದು ಆ ಸಲ. ಹಿಂದಿನ ಸಲ ಎಷ್ಟಿತ್ತು, ಈಗ ಎಷ್ಟಾಯಿತು ಎಂದು ಹೋಲಿಸಲು ಹಿಂದಿನ ಸಂಖ್ಯೆಯೇ ಇರಲಿಲ್ಲ. ಅದೇ ದಿನ ಹುಬ್ಬಳ್ಳಿ-ಧಾರವಾಡದ 82ರಲ್ಲಿ ಅದೇ ಪಕ್ಷಕ್ಕೆ 39 ಬಂತು. ಕಲಬುರಗಿಯ 55ರಲ್ಲಿ ಕಾಂಗ್ರೆಸ್ 27, ಬಿಜೆಪಿ 23. ಮೂರು ಊರು, ಮೂರು ಬಗೆ. ಬರೆದದ್ದು ಮಾತ್ರ ಹೊಸ ಮುಖ್ಯಮಂತ್ರಿಯ ಮೊದಲ ಪರೀಕ್ಷೆ ಎಂದು.

ಬ್ರಿಟನ್ನಿನಲ್ಲೂ ಪ್ರತಿವರ್ಷ ಮೇ ತಿಂಗಳಲ್ಲಿ ಸ್ಥಳೀಯ ಚುನಾವಣೆಗಳಾದಾಗ ಅವನ್ನು ಪ್ರಧಾನಿಯ ಮೇಲಿನ ತೀರ್ಪೆಂದೇ ಓದುತ್ತಾರೆ. ಆದರೆ ಒಂದೊಂದು ವರ್ಷ ಒಂದೊಂದು ಭಾಗದಲ್ಲಿ ಚುನಾವಣೆ ನಡೆಯುವುದರಿಂದ ಸುಮ್ಮನೆ ಸ್ಥಾನಗಳನ್ನು ಕೂಡಿಸಿದರೆ ದಾರಿ ತಪ್ಪುತ್ತದೆ ಎಂದು ಅರಿತು, ಇಡೀ ದೇಶ ಮತ ಹಾಕಿದ್ದರೆ ಪಕ್ಷಗಳ ಪಾಲು ಎಷ್ಟಿರುತ್ತಿತ್ತು ಎಂಬ ಅಂದಾಜನ್ನು ಬಿ.ಬಿ.ಸಿ. ಬೇರೆಯಾಗಿ ಲೆಕ್ಕ ಹಾಕಿಸುತ್ತದೆ. ಅದೂ ಅಂದಾಜೇ. ಆದರೆ ಅಂದಾಜನ್ನು ಅಂದಾಜೆಂದು ಕರೆಯುವುದೇ ಒಂದು ಸೌಜನ್ಯ.

ಮಿತ್ರರೇ, ನಾಯಕರ ಜನಬೆಂಬಲವನ್ನು ಒಂದು ಫಲಿತಾಂಶದಿಂದ ಅಳೆಯುವುದು ಎಷ್ಟು ಅಪಾಯಕರ ಎಂಬುದಕ್ಕೆ ಬಳ್ಳಾರಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಇದು ಸ್ಥಳೀಯ ಸಂಸ್ಥೆಯ ಚುನಾವಣೆಯಲ್ಲ, ಲೋಕಸಭೆಯ ಉಪಚುನಾವಣೆ. ಆದರೂ ಪಾಠ ಒಂದೇ. ಬಳ್ಳಾರಿಯ ಸಂಸದರಾಗಿದ್ದ ಬಿ. ಶ್ರೀರಾಮುಲು 2018ರಲ್ಲಿ ವಿಧಾನಸಭೆಗೆ ಆಯ್ಕೆಯಾಗಿ ಲೋಕಸಭಾ ಸ್ಥಾನ ತೆರವು ಮಾಡಿದರು. ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪನವರಿಗೆ 6,28,365 ಮತ. ಶ್ರೀರಾಮುಲು ಅವರ ಸಹೋದರಿ, ಬಿಜೆಪಿಯ ಜೆ. ಶಾಂತಾ ಅವರಿಗೆ 3,85,204 ಮತ. ಅಂತರ ಎರಡು ಲಕ್ಷದ ನಲವತ್ತಮೂರು ಸಾವಿರದ ಮೇಲೆ! ಕೋಟೆ ಕುಸಿಯಿತು, ಒಬ್ಬ ನಾಯಕರ ಯುಗ ಮುಗಿಯಿತು, ಉಸ್ತುವಾರಿ ವಹಿಸಿದ್ದ ಡಿ.ಕೆ. ಶಿವಕುಮಾರ್ ಅವರ ಯುಗ ಆರಂಭವಾಯಿತು ಎಂಬ ಧಾಟಿಯಲ್ಲೇ ಅಂದಿನ ವಿಶ್ಲೇಷಣೆಗಳು ಸಾಗಿದವು.

ಆರೂವರೆ ತಿಂಗಳು ಕಳೆಯಿತು. 2019ರ ಮೇ 23ರಂದು ಅದೇ ಕ್ಷೇತ್ರ, ಅದೇ ಉಗ್ರಪ್ಪನವರು. ಈ ಸಲ ಬಿಜೆಪಿಯ ವೈ. ದೇವೇಂದ್ರಪ್ಪ 6,16,388 ಮತ ಪಡೆದರು, ಉಗ್ರಪ್ಪನವರು 5,60,681. ಅಂತರ 55,707, ಈಗ ತಿರುವುಮುರುವಾಗಿ.

ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಉಗ್ರಪ್ಪನವರು ಕಳೆದುಕೊಂಡದ್ದು ಸುಮಾರು 68 ಸಾವಿರ ಮತ. ಬಿಜೆಪಿಗೆ ಹೆಚ್ಚಾದದ್ದು ಸುಮಾರು 2 ಲಕ್ಷ 31 ಸಾವಿರ. ಕಳೆದುಕೊಂಡವರ ಮತವೆಲ್ಲ ಇವರಿಗೇ ಬಂತೆಂದುಕೊಂಡರೂ ಇನ್ನೂ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಮತ ಬೇರೆ ಎಲ್ಲಿಂದಲೋ ಬರಬೇಕು. ಉಪಚುನಾವಣೆಯಲ್ಲಿ ಮನೆಯಲ್ಲೇ ಉಳಿದಿದ್ದ ಎಷ್ಟೋ ಜನ ಸಾರ್ವತ್ರಿಕ ಚುನಾವಣೆಯಲ್ಲಿ ಮತಗಟ್ಟೆಗೆ ಬಂದರು ಎಂಬುದೇ ಇದರ ನೇರವಾದ ಅರ್ಥ. ಮೊದಲ ಫಲಿತಾಂಶದ ದಿನ ಪತ್ರಿಕೆಗಳು ಬಂದವರ ಮಾತನ್ನು ಎಲ್ಲರ ಮಾತು ಎಂದು ಬರೆದವು. ಬಾರದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲದೆ 2019ರಲ್ಲಿ ಜನ ಉತ್ತರಿಸುತ್ತಿದ್ದ ಪ್ರಶ್ನೆ ದೆಹಲಿಯದಾಗಿತ್ತು. ಮತ್ತೆ ಐದು ವರ್ಷಕ್ಕೆ, 2024ರಲ್ಲಿ, ಸ್ವತಃ ಶ್ರೀರಾಮುಲು ಅವರೇ ನಿಂತು ಕಾಂಗ್ರೆಸ್ಸಿನ ಇ. ತುಕಾರಾಂ ಎದುರು ಸುಮಾರು 99 ಸಾವಿರ ಮತಗಳಿಂದ ಸೋತರು. ಮುಗಿದ ಯುಗಗಳು ಎಷ್ಟು ಸಲ ಮುಗಿದವು ಎಂದು ಎಣಿಸುವ ಕೆಲಸವನ್ನು ನಿಮಗೇ ಬಿಡುತ್ತೇನೆ.

ಇಲ್ಲಿ ದೇಶನೂರನ್ನು ಮರೆಯಬಾರದು. 2018ರ ಆ ಫಲಿತಾಂಶದ ದಿನ ಬಳ್ಳಾರಿ ಜಿಲ್ಲೆಯ ಜನ ಹೀಗೆ ತೀರ್ಮಾನಿಸಿದರು ಎಂದು ಕೇಳಿದವರಿಗೆ ಸಿರುಗುಪ್ಪದ ಜನವೂ ಅದರಲ್ಲಿ ಇದ್ದರು ಎನಿಸುತ್ತಿತ್ತು. ಸಿರುಗುಪ್ಪ ವಿಧಾನಸಭಾ ಕ್ಷೇತ್ರ ಬಳ್ಳಾರಿ ಜಿಲ್ಲೆಗೆ ಸೇರಿದೆ, ನಿಜ; ಆದರೆ ಲೋಕಸಭೆಗೆ ಬಂದರೆ ಅದು ಕೊಪ್ಪಳ ಕ್ಷೇತ್ರಕ್ಕೆ ಸೇರುತ್ತದೆ. ಅಂದು ದೇಶನೂರಿನವರು ಮತವನ್ನೇ ಹಾಕಿರಲಿಲ್ಲ. ಹಾಕದ ಮತಕ್ಕೂ ಅವರ ಹೆಸರಿನಲ್ಲಿ ಅರ್ಥ ಹೇಳಿಯಾಗಿತ್ತು. ಜಿಲ್ಲೆ ಬೇರೆ, ಲೋಕಸಭಾ ಕ್ಷೇತ್ರ ಬೇರೆ ಎಂಬ ಚಿಕ್ಕ ಭೂಗೋಳ ಗೊತ್ತಿದ್ದರೆ ಇಂಥ ಎಷ್ಟೋ ಮಾತುಗಳನ್ನು ನೀವು ಕೂತಲ್ಲೇ ಜರಡಿ ಹಿಡಿಯಬಹುದು.

ಇಷ್ಟು ಹೇಳಿದ ಮೇಲೆ ಸುದ್ದಿಗಾರರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಫಲಿತಾಂಶದ ದಿನ ವರದಿಗಾರನ ಅವಸ್ಥೆ ಪರೀಕ್ಷೆಯ ಕೊನೆಯ ಹತ್ತು ನಿಮಿಷದ ವಿದ್ಯಾರ್ಥಿಯ ಅವಸ್ಥೆ. ಒಂದು ಸಾವಿರ ವಾರ್ಡು, ಒಂದು ಪುಟ, ಮೂರು ಗಂಟೆ ಸಮಯ. ವಾರ್ಡು ಮಾತನಾಡುವುದಿಲ್ಲ, ನಾಯಕರು ಮಾತನಾಡುತ್ತಾರೆ. ಅವರ ಮನೆಯ ಮುಂದೆ ಕ್ಯಾಮೆರಾ ನಿಲ್ಲಿಸಿದರೆ ಐದು ನಿಮಿಷದಲ್ಲಿ ಹೇಳಿಕೆ ಸಿಗುತ್ತದೆ. ಕುರುಗೋಡಿನ ಒಂದು ಓಣಿಗೆ ಹೋಗಿ ಇಲ್ಲಿ ಈತ ಯಾಕೆ ಗೆದ್ದ ಎಂದು ತಿಳಿಯಲು ಒಂದು ದಿನ ಬೇಕು. ಆ ಒಂದು ದಿನವನ್ನು ಕೊಡುವ ಸಂಪಾದಕರು ಇದ್ದಾರೆ. ನಮ್ಮ ಜಿಲ್ಲಾ ಪತ್ರಿಕೆಗಳ ಒಳಪುಟಗಳಲ್ಲಿ ವಾರ್ಡುವಾರು ಪಟ್ಟಿ, ಗೆದ್ದವರ ಹೆಸರು, ಪಡೆದ ಮತ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ಶ್ರದ್ಧೆಯಿಂದ ಅಚ್ಚು ಹಾಕುತ್ತಾರೆ. ದಪ್ಪಕ್ಷರ ಬೆಂಗಳೂರಿನದು, ಸಣ್ಣಕ್ಷರ ಊರಿನದು. ನೀವು ಸಣ್ಣಕ್ಷರವನ್ನು ಮೊದಲು ಓದಿ ಎಂದು ನಾನು ಹೇಳುವುದು. ಈಗ ಅಂಗೈಯಲ್ಲಿರುವ ವಾಟ್ಸಾಪಿನಲ್ಲಿ ಬರುವುದು ಬರೀ ದಪ್ಪಕ್ಷರವೇ ಆದ್ದರಿಂದ ಇದನ್ನು ಇನ್ನೂ ಒತ್ತಿ ಹೇಳುತ್ತಿದ್ದೇನೆ.

ಇನ್ನು, ಫಲಿತಾಂಶವೇ ಇಲ್ಲದ ಸುದ್ದಿಯೊಂದಿದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 1,083 ಜಿಲ್ಲಾ ಪಂಚಾಯಿತಿ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 498, ಬಿಜೆಪಿಗೆ 408, ಜನತಾದಳಕ್ಕೆ 148 ಬಂದವು. ಆಗಲೂ ಸಿದ್ದರಾಮಯ್ಯನವರ ಸರಕಾರದ ಮೇಲೆ ಜನರ ತೀರ್ಪು ಎಂದು ಬರೆದರು. ಎರಡು ವರ್ಷಕ್ಕೆ ಬಂದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ 104 ಸ್ಥಾನ ಪಡೆದು ಅತಿ ದೊಡ್ಡ ಪಕ್ಷವಾಯಿತು. ಅದಿರಲಿ. ಆ ಪಂಚಾಯಿತಿಗಳ ಐದು ವರ್ಷದ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರಗಳ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎಂದು ಅದು ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಜನಪ್ರತಿನಿಧಿಗಳ ಜಾಗದಲ್ಲಿ ಆಡಳಿತಾಧಿಕಾರಿಗಳು ಕೂತರು. ಸರಕಾರ ನಡೆಸಿದ ಪಕ್ಷ ಬದಲಾಯಿತು, ಕುರ್ಚಿ ಖಾಲಿಯೇ ಉಳಿಯಿತು. ನಡೆದ ಚುನಾವಣೆಯಲ್ಲಿ ಒಬ್ಬ ಸೋತರೆ ಮೊದಲ ಪುಟ. ನಡೆಯದ ಚುನಾವಣೆಯಲ್ಲಿ ಇಡೀ ರಾಜ್ಯದ ಹಳ್ಳಿಗರು ಸೋತರೆ ಒಳಪುಟದಲ್ಲಿ ನಾಲ್ಕು ಸಾಲು. ನಡೆಯದ ಸಂಗತಿಗೆ ಛಾಯಾಚಿತ್ರವಿಲ್ಲ, ಗುಲಾಲಿಲ್ಲ, ಹಾರವಿಲ್ಲ. ನಿಮ್ಮ ತರಗತಿಯಲ್ಲಿ ಯಾರಾದರೂ ನಮ್ಮ ತಾಲ್ಲೂಕು ಪಂಚಾಯಿತಿಯ ಅಧ್ಯಕ್ಷರು ಯಾರು ಎಂದು ಕೇಳಿ ನೋಡಿ. ಬರುವ ಉತ್ತರವನ್ನು ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿ ತಾಳೆ ಹಾಕಿ.

ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಊರಿನಲ್ಲಿ ಮುಂದಿನ ಸಲ ಸ್ಥಳೀಯ ಚುನಾವಣೆ ನಡೆದಾಗ ಒಂದು ನೋಟುಪುಸ್ತಕ ಮಾಡಿಕೊಳ್ಳಿ. ಇಡೀ ಊರು ಬೇಡ, ನಿಮ್ಮ ಮನೆ ಇರುವ ಒಂದು ವಾರ್ಡು ಸಾಕು. ಮತದಾನಕ್ಕೆ ಮೊದಲು ಅಭ್ಯರ್ಥಿಗಳು ಮನೆಗೆ ಬಂದಾಗ ಏನು ಹೇಳಿದರು, ನಿಮ್ಮ ತಾಯಿ, ಅಜ್ಜಿ, ಪಕ್ಕದ ಮನೆಯವರು ಅವರನ್ನು ಏನು ಕೇಳಿದರು ಎಂಬುದನ್ನು ಅವರ ಮಾತಿನಲ್ಲೇ ಬರೆದಿಡಿ. ಫಲಿತಾಂಶದ ದಿನ ಗೆದ್ದವರ ಮತ, ಸೋತವರ ಮತ, ಮತ ಹಾಕದೆ ಉಳಿದವರ ಸಂಖ್ಯೆ ಈ ಮೂರನ್ನೂ ಬರೆಯಿರಿ, ಮೂರನೆಯದನ್ನು ಮರೆಯಬೇಡಿ. ಮರುದಿನದ ಪತ್ರಿಕೆಯ ತಲೆಬರಹವನ್ನು ಕತ್ತರಿಸಿ ಎದುರು ಪುಟಕ್ಕೆ ಅಂಟಿಸಿ. ಎರಡು ಪುಟಗಳನ್ನೂ ಓದಿದರೆ ಅವು ಒಂದೇ ಊರಿನವೋ ಅಲ್ಲವೋ ಎಂಬುದು ನಿಮಗೇ ತಿಳಿಯುತ್ತದೆ. ಆಮೇಲೆ ಒಂದು ವರ್ಷ ಬಿಟ್ಟು, ಕೇಳಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವ ತಾರೀಖಿನಂದು ಆಯಿತು ಎಂದು ಉಳಿದ ಪುಟಗಳಲ್ಲಿ ತುಂಬಿ.

ನಾನು ಹೇಳಿದ ಆ ತಾಯಿಯ ಕೇರಿಯ ಬೋರಿಂಗು ಕೊನೆಗೆ ರಿಪೇರಿಯಾಯಿತು. ಅವರು ಎರಡು ವರ್ಷ ಪಂಚಾಯಿತಿ ಕಟ್ಟೆಯನ್ನು ಹತ್ತಿ ಇಳಿದು ಮಾಡಿಸಿದರು. ಅದರ ಬಗ್ಗೆ ನಾನು ಒಂದು ಸಾಲನ್ನೂ ಬರೆಯಲಿಲ್ಲ. ಆ ವಾರ ಇನ್ನೊಂದು ಚುನಾವಣೆಯ ಫಲಿತಾಂಶವಿತ್ತು.